ಹಣ ಹೋಗದ ಆಟದಲ್ಲಿ ಹೋಗುತ್ತಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಹಣ ಪಣಕ್ಕಿಡದ ಆನ್‌ಲೈನ್ ಆಟಗಳ ಚಟವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಗುರುತಿಸಿ, ದಾಖಲಿಸಿ, ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಸಿಗುವಂತೆ ಮಾಡುವ ಕುರಿತು.

ಮಾನ್ಯರೇ,

ತುಮಕೂರು ಜಿಲ್ಲೆಯ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಕಥೆಗಾರನಾಗಲು ಪ್ರಯತ್ನಿಸುತ್ತಿರುವವನು ನಾನು. ಕೆಲವು ವರ್ಷಗಳಿಂದ ಆನ್‌ಲೈನ್ ಆಟವೊಂದರ ಚಟಕ್ಕೆ ಸಿಕ್ಕಿಕೊಂಡಿದ್ದೇನೆ. ಅದರಿಂದ ಹೊರಬರಲು ಸರ್ಕಾರಿ ಆರೋಗ್ಯ ವ್ಯವಸ್ಥೆಯ ನೆರವು ಕೇಳಿಕೊಂಡು ಹೋದಾಗ ನನಗಾದ ಅನುಭವವನ್ನೂ, ಆ ಅನುಭವದ ಹಿಂದಿರುವ ದೊಡ್ಡ ಲೋಪವನ್ನೂ ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಆಡುವ ಆಟದಲ್ಲಿ ಬಾಜಿಯಿಲ್ಲ, ರಮ್ಮಿಯಿಲ್ಲ, ಗೆದ್ದವರಿಗೆ ನಗದು ಬಹುಮಾನವೂ ಇಲ್ಲ. ನಾನು ಯಾರ ಹತ್ತಿರವೂ ಸಾಲ ಮಾಡಿಲ್ಲ, ಮನೆಯ ಒಡವೆ ಅಡವಿಟ್ಟಿಲ್ಲ. ಸರಿಯಾಗಿ ಇದೇ ಕಾರಣಕ್ಕೆ ನನ್ನ ಕಾಯಿಲೆ ಕಾನೂನಿನ ಲೆಕ್ಕಕ್ಕೂ ಬಂದಿಲ್ಲ, ಆಸ್ಪತ್ರೆಯ ಚೀಟಿಯಲ್ಲೂ ಕಾಣಿಸಿಕೊಂಡಿಲ್ಲ ಎಂಬುದೇ ನನ್ನ ದೂರು.

ನಿದ್ದೆ ಪೂರ್ತಿ ಕೆಟ್ಟು, ಹಗಲು ಮಂಡಿಯಲ್ಲಿ ಕಿರ್ದಿ ಪುಸ್ತಕದ ಮುಂದೆ ಕೂತರೆ ಅಂಕಿಗಳು ಕಣ್ಣ ಮುಂದೆ ಕಲಸಿಹೋಗತೊಡಗಿದಾಗ, ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಹೊರರೋಗಿಗಳ ಸಾಲು ವೈದ್ಯರ ಕೋಣೆಯ ಬಾಗಿಲಿನಿಂದ ಔಷಧಿ ಕೊಡುವ ಕಿಟಕಿಯವರೆಗೂ ಇತ್ತು. ಜ್ವರ, ಸಕ್ಕರೆ ಕಾಯಿಲೆ, ಕೀಲುನೋವು, ಮಗುವಿನ ಕೆಮ್ಮು ಎಲ್ಲವನ್ನೂ ಒಬ್ಬರೇ ವೈದ್ಯರು ನೋಡುತ್ತಿದ್ದರು. ನನ್ನ ಸರದಿ ಬಂದಾಗ, ರಾತ್ರಿ ಎರಡು ಮೂರು ಗಂಟೆಯವರೆಗೂ ಮೊಬೈಲಿನಲ್ಲಿ ಆಡುತ್ತೇನೆ, ಬಿಡಬೇಕೆಂದರೂ ಬಿಡಲು ಆಗುತ್ತಿಲ್ಲ ಎಂದು ಹೇಳಿದೆ. ಅವರು ತಲೆಯೆತ್ತಿ ನೋಡಿ, "ಎಷ್ಟು ದುಡ್ಡು ಕಳ್ಕೊಂಡಿದ್ದೀಯಪ್ಪಾ?" ಎಂದು ಕೇಳಿದರು. "ದುಡ್ಡಿನ ಆಟ ಅಲ್ಲ ಸಾರ್" ಎಂದೆ. "ಸದ್ಯ, ಬಚಾವಾದೆ. ಮಲಗೋವಾಗ ಫೋನನ್ನ ಬೇರೆ ರೂಮಲ್ಲಿಟ್ಟು ಮಲಗು" ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ನಾನು ಬಾಡಿಗೆಗಿರುವುದು ಒಂದೇ ಕೋಣೆಯ ಮನೆಯಲ್ಲಿ. ಅದನ್ನು ಹೇಳುವಷ್ಟರಲ್ಲಿ ನನ್ನ ಹಿಂದಿದ್ದ ಅಜ್ಜಿ ಮುಂದೆ ಬಂದಿದ್ದರು. ಹೊರಗೆ ಬಂದು ಚೀಟಿ ನೋಡಿದರೆ ಅದರಲ್ಲಿದ್ದದ್ದು ನಿದ್ರಾಹೀನತೆ ಎಂಬ ಅರ್ಥದ ಒಂದೇ ಒಂದು ಇಂಗ್ಲಿಷ್ ಪದ. ಆಟದ ಪ್ರಸ್ತಾಪವೇ ಇರಲಿಲ್ಲ.

ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಜನರ ನಡುವೆ ಅವರು ನನ್ನ ಮುಖ ನೋಡಿ ಮಾತನಾಡಿಸಿದ್ದೇ ದೊಡ್ಡದು. ಆದರೆ ಅವರು ಕೇಳಿದ ಪ್ರಶ್ನೆ ಅವರೊಬ್ಬರ ಪ್ರಶ್ನೆಯಲ್ಲ. ಪತ್ರಿಕೆಯ ವರದಿಯಿರಲಿ, ಸದನದ ಚರ್ಚೆಯಿರಲಿ, ಮನೆಯ ಹಿರಿಯರ ಬೈಗುಳವಿರಲಿ, ಆನ್‌ಲೈನ್ ಆಟ ಎಂದ ಕೂಡಲೇ ಮೊದಲು ಬರುವ ಪ್ರಶ್ನೆ ಎಷ್ಟು ದುಡ್ಡು ಹೋಯಿತು ಎಂಬುದೇ. ಹೋಗಿಲ್ಲ ಎಂದ ಮೇಲೆ ಮಾತು ಅಲ್ಲಿಗೆ ಮುಗಿಯುತ್ತದೆ.

ನಮ್ಮ ಕಾನೂನುಗಳು ಬಂದ ದಾರಿಯನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಪಬ್ಜಿ ಮೊಬೈಲ್ ಕೂಡ ಇತ್ತು. (ನಾನು ಆಡುವುದು ಆ ಆಟವಲ್ಲ.) ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ದತ್ತಾಂಶವೇ ಹೊರತು ಆಡುವವರ ಆರೋಗ್ಯವಲ್ಲ, ಹಾಗಾಗಿ 2021ರ ಜುಲೈನಲ್ಲಿ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಮರಳಿದಾಗ ಆರೋಗ್ಯದ ಪ್ರಶ್ನೆಯನ್ನು ಯಾರೂ ಎತ್ತಬೇಕಾಗಿ ಬರಲಿಲ್ಲ. ಅದೇ ವರ್ಷ ನಮ್ಮ ರಾಜ್ಯ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಅಕ್ಟೋಬರ್ 5ರಿಂದ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಅದಾದ ಮೇಲೆ ಬಂದದ್ದು ಸಂಸತ್ತಿನ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ. 2025ರ ಆಗಸ್ಟ್ 20 ಮತ್ತು 21ರಂದು ಎರಡೂ ಸದನಗಳ ಒಪ್ಪಿಗೆ ಪಡೆದು, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆಯ ಪ್ರಕಾರ ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿಯವರೆಗೆ ದಂಡ. ಅದರ ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿಯವರೆಗೆ ದಂಡ.

ಹಣದ ಆಟಕ್ಕೆ ಸಿಕ್ಕಿ ಸಂಸಾರಗಳು ಹಾಳಾಗಿರುವುದನ್ನು ನಾನೂ ಕಂಡಿದ್ದೇನೆ. ಆ ಕಾಯ್ದೆಯನ್ನು ನಾನು ವಿರೋಧಿಸುತ್ತಿಲ್ಲ. ಆದರೆ ಅದೇ ಕಾಯ್ದೆ ಆನ್‌ಲೈನ್ ಆಟಗಳನ್ನು ಇ-ಸ್ಪೋರ್ಟ್ಸ್ (ಕ್ರೀಡೆಯಂತೆ ಸ್ಪರ್ಧೆಗೆ ಆಡುವುದು), ಸಾಮಾಜಿಕ ಆಟ (ಹಣ ಪಣಕ್ಕಿಡದೆ ಮನರಂಜನೆಗೆ ಆಡುವುದು), ಹಣದ ಆಟ ಎಂದು ಮೂರು ಭಾಗ ಮಾಡಿ, ಮೂರನೆಯದನ್ನು ಮಾತ್ರ ನಿಷೇಧಿಸಿ, ಮೊದಲೆರಡನ್ನು ಉತ್ತೇಜಿಸಬೇಕಾದ ಸಾಲಿಗೆ ಸೇರಿಸುತ್ತದೆ. ಬಳಕೆದಾರರನ್ನು ಮರುಳುಮಾಡುವ ವಿನ್ಯಾಸ ಮತ್ತು ಚಟ ಹತ್ತಿಸುವ ಅಲ್ಗಾರಿದಮ್‌ಗಳ ಬಗ್ಗೆ ಕಾಯ್ದೆಯ ಪೀಠಿಕೆಯೇ ಆತಂಕ ವ್ಯಕ್ತಪಡಿಸಿದೆಯಾದರೂ, ಆ ಆತಂಕ ಹಣದ ಆಟಗಳ ಬಳಿಯೇ ನಿಂತುಬಿಡುತ್ತದೆ. ಮಸೂದೆ ಮಂಡನೆಯಾದ ಹೊತ್ತಿನಲ್ಲಿ ಸರ್ಕಾರದ ಅಂದಾಜು ಎಂದು ಪತ್ರಿಕೆಗಳಲ್ಲಿ ಬಂದದ್ದು ಸುಮಾರು 45 ಕೋಟಿ ಜನ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂಕಿ. ಗಂಟೆಗಳ ಲೆಕ್ಕ, ನಿದ್ದೆಯ ಲೆಕ್ಕ, ಬಿಟ್ಟುಹೋದ ಓದಿನ ಲೆಕ್ಕ ಎಲ್ಲಿಯೂ ಬರಲಿಲ್ಲ.

ವೈದ್ಯಕೀಯ ಶಾಸ್ತ್ರ ಈ ವಿಷಯವನ್ನು ಹೀಗೆ ನೋಡುವುದಿಲ್ಲ ಎಂಬುದು ತಮಗೆ ತಿಳಿದೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ, ಅಂದರೆ ಐಸಿಡಿ-11, 2019ರ ಮೇ ತಿಂಗಳಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ಜೂಜಿನ ಚಟಕ್ಕೆ 6ಸಿ50 ಎಂಬ ಸಂಖ್ಯೆಯಿದ್ದರೆ, ಅದರ ಪಕ್ಕದಲ್ಲೇ, ಪ್ರತ್ಯೇಕ ಕಾಯಿಲೆಯಾಗಿ, ಗೇಮಿಂಗ್ ಚಟಕ್ಕೆ 6ಸಿ51 ಎಂಬ ಸಂಖ್ಯೆಯಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲ ಆಸಕ್ತಿ ಮತ್ತು ದಿನನಿತ್ಯದ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಇವು ಆ ಕಾಯಿಲೆಯ ಲಕ್ಷಣಗಳು. ಸಾಮಾನ್ಯವಾಗಿ 12 ತಿಂಗಳಾದರೂ ಇವು ಕಾಣಿಸಿಕೊಂಡಿರಬೇಕು. ಈ ಲಕ್ಷಣಗಳಲ್ಲಿ ಎಲ್ಲಿಯೂ ಹಣದ ಮಾತಿಲ್ಲ. ಆಡುವವರೆಲ್ಲರೂ ರೋಗಿಗಳಲ್ಲ, ಆಡುವವರಲ್ಲಿ ಸಣ್ಣ ಪಾಲಿನವರಿಗೆ ಮಾತ್ರ ಇದು ಬರುತ್ತದೆ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ನಾನು ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಆ ಸಣ್ಣ ಪಾಲಿನವರ ಪರವಾಗಿ.

ಇದು ನಮಗೆ ಸಂಬಂಧವಿಲ್ಲದ ಹೊರದೇಶದ ಪಟ್ಟಿಯೂ ಅಲ್ಲ. ಯಾವುದು ಮಾನಸಿಕ ಕಾಯಿಲೆ ಎಂಬುದನ್ನು ದೇಶದಲ್ಲಿ ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡಗಳ ಪ್ರಕಾರವೇ ತೀರ್ಮಾನಿಸಬೇಕು ಎನ್ನುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ, ಇದೇ ಐಸಿಡಿಯ ಇತ್ತೀಚಿನ ಆವೃತ್ತಿಯನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ. ಅದೇ ಕಾಯ್ದೆಯ 18ನೇ ಕಲಂ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟು, ಚಿಕಿತ್ಸೆಗಾಗಿ ಯಾರೂ ದೂರದೂರಿಗೆ ಅಲೆಯಬೇಕಾಗಿ ಬರಬಾರದು ಎಂದೂ ಹೇಳುತ್ತದೆ. ಈ ಎರಡು ಕಲಂಗಳನ್ನು ಒಟ್ಟಿಗೆ ಓದಿದ ಯಾರಿಗಾದರೂ, ನನ್ನ ಚೀಟಿಯಲ್ಲಿ ಏನು ಬರೆದಿರಬೇಕಿತ್ತು, ನನಗೆ ಎಲ್ಲಿ ಚಿಕಿತ್ಸೆ ಸಿಗಬೇಕಿತ್ತು ಎಂಬುದು ಅರ್ಥವಾಗುತ್ತದೆ.

ಹಣ ಹೋಗಿಲ್ಲವೆಂದರೆ ಹೋಗಿರುವುದೇನು ಎಂದು ತಾವು ಕೇಳಬಹುದು. ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸಲು ಅನುಮತಿ ಕೋರುತ್ತೇನೆ, ಏಕೆಂದರೆ ಪಾಸ್‌ಬುಕ್ಕಿನಲ್ಲಿ ಕಾಣದ ಈ ನಷ್ಟವನ್ನು ಅನುಭವಿಸಿದವರೇ ಹೇಳಬೇಕು.

ನಾನು ಬರೆಯಲು ಹೊರಟಿರುವುದು ನಮ್ಮ ಕಡೆಯ ಕೊಬ್ಬರಿ ಸುಲಿಯುವ ಹೆಂಗಸರ ಸುತ್ತ ಹೆಣೆದ ಒಂದು ನೀಳ್ಗತೆ. ತೆಂಗಿನಕಾಯಿಗಳು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಈ ಹೆಂಗಸರಿಗೆ ಹೇಳಿಕಳುಹಿಸುತ್ತಾರೆ. ಚಿಪ್ಪನ್ನು ಒಡೆಯಬೇಕು, ಆದರೆ ಒಳಗಿನ ಉಂಡೆಗೆ ಏಟು ಬೀಳಬಾರದು; ಏಟು ಬಿದ್ದ ಕೊಬ್ಬರಿಗೆ ಮಂಡಿಯಲ್ಲಿ ಬೆಲೆ ಬೇರೆ. ಎಡಗೈಯಲ್ಲಿ ಕಾಯಿ ತಿರುಗಿಸುತ್ತ, ಬಲಗೈಯಲ್ಲಿ ಅಳತೆಯಿಟ್ಟು ಬಡಿಯುತ್ತ, ಇಡೀ ದಿನ ಮಾತನಾಡುತ್ತಲೇ ಅವರು ಆ ಕೆಲಸ ಮಾಡುತ್ತಾರೆ. ಮನೆಯ ಯಜಮಾನ ಬೆಲೆ ಏರಲೆಂದು ಕಾಯುತ್ತಿರುತ್ತಾನೆ, ಈ ಹೆಂಗಸರು ಕರೆ ಬರಲೆಂದು ಕಾಯುತ್ತಿರುತ್ತಾರೆ. ನನ್ನ ಕಥೆಯ ಜೀವ ಇರುವುದೇ ಆ ಕಾಯುವಿಕೆಯಲ್ಲಿ. ಅದನ್ನು ಬರೆಯಬೇಕಾದರೆ ಬರೆಯುವವನೂ ಒಂದು ವಾಕ್ಯದ ಎದುರು ಸುಮ್ಮನೆ ಕೂತಿರಲು ಶಕ್ತನಾಗಿರಬೇಕು.

ಆ ಶಕ್ತಿಯನ್ನೇ ಈ ಚಟ ತಿಂದುಹಾಕಿತು. ಮಂಡಿಯಿಂದ ಬಂದು, ಅನ್ನ ಸಾರು ಮಾಡಿ ಉಂಡು, ನೋಟುಬುಕ್ಕು ಬಿಚ್ಚಿ ಎರಡು ಸಾಲು ಬರೆಯುವಷ್ಟರಲ್ಲಿ ಫೋನು ಅದುರುತ್ತದೆ: "ಅಣ್ಣಾ, ಒಬ್ರು ಕಮ್ಮಿ ಇದೀವಿ, ಬೇಗ ಬಾ." ನಾಲ್ವರ ತಂಡ, ಒಬ್ಬ ಗಂಗಾವತಿಯವನು, ಒಬ್ಬ ಹಾಸನದವನು, ಇನ್ನೊಬ್ಬ ಪಿಯುಸಿ ಓದುತ್ತಿರುವ ಹುಡುಗ. ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ವಿಚಾರಿಸಿದವರು ಅವರೇ. ಒಂದು ಪಂದ್ಯ ಎಂದರೆ ಅರ್ಧ ಗಂಟೆಯೊಳಗಿನ ಮಾತು. ಅಷ್ಟರಲ್ಲೇ ಗೆಲುವೋ ಸೋಲೋ ಗೊತ್ತಾಗುತ್ತದೆ, ಅಂಕ ಬರುತ್ತದೆ, ಪದಕ ಬರುತ್ತದೆ, ಮೇಲಿನ ಶ್ರೇಣಿಗೆ ಇನ್ನೆಷ್ಟು ಬಾಕಿ ಎಂಬುದನ್ನು ಪರದೆಯೇ ತೋರಿಸುತ್ತದೆ. ಬರವಣಿಗೆಯಲ್ಲಿ ಇದಾವುದೂ ಇಲ್ಲ. ಒಂದು ಪುಟ ಬರೆದು ಮುಗಿಸಿದರೆ ಯಾರೂ ಏನೂ ಹೇಳುವುದಿಲ್ಲ. ವಾರಪತ್ರಿಕೆಗೆ ಕಳುಹಿಸಿದ ಕಥೆಗೆ ಉತ್ತರ ಬರಲು ತಿಂಗಳುಗಳೇ ಬೇಕು, ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಹೊಸದಾಗಿ ಬರೆಯುವವರು ಈ ಮೌನದ ಜೊತೆ ಬದುಕಲು ಕಲಿಯಲೇಬೇಕು. ಎಲ್ಲ ಕಾಲದ ಬರಹಗಾರರೂ ಕಲಿತಿದ್ದಾರೆ. ಆದರೆ ಮೂವತ್ತು ನಿಮಿಷಕ್ಕೊಮ್ಮೆ ಫಲಿತಾಂಶ ಕೇಳಲು ಮನಸ್ಸು ಪಳಗಿಬಿಟ್ಟ ಮೇಲೆ ಆ ಕಲಿಕೆ ಬಹಳ ಕಷ್ಟ.

ಇದಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ನಾನು ಬರೆಯುತ್ತಿದ್ದ ವಾಕ್ಯಗಳೇ. ಆಟ ಜೋರಾಗಿದ್ದ ತಿಂಗಳುಗಳಲ್ಲಿ ಬರೆದ ಪುಟಗಳನ್ನು ನಂತರ ತೆಗೆದು ಓದಿದಾಗ, ಅವುಗಳಲ್ಲಿ ಯಾರೂ ಕೂತೇ ಇರಲಿಲ್ಲ. ಪಾತ್ರಗಳು ಬರುತ್ತಿದ್ದವು, ಹೋಗುತ್ತಿದ್ದವು, ಜಗಳವಾಡುತ್ತಿದ್ದವು. ಪ್ರತಿ ಎರಡು ಸಾಲಿಗೊಮ್ಮೆ ಏನಾದರೂ ನಡೆಯುತ್ತಿತ್ತು. ಒಬ್ಬ ಹೆಂಗಸು ಅಂಗಳದಲ್ಲಿ ಕೂತು ಕಾಯುವ ಒಂದು ಪುಟವನ್ನು ಬರೆಯಲು ನನ್ನಿಂದ ಆಗಿರಲಿಲ್ಲ. ಮೊದಲು ಬರೆಯಬಲ್ಲವನಾಗಿದ್ದೆ, ಹಳೆಯ ನೋಟುಬುಕ್ಕಿನಲ್ಲಿ ಅಂಥ ಪುಟಗಳಿವೆ. ಓದಿನದೂ ಇದೇ ಪಾಡು. ಕಾದಂಬರಿಯ ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಸಚಿವರೇ, ಇದನ್ನು ಯಾವ ಠಾಣೆಯಲ್ಲಿ ದೂರು ಕೊಡಲಿ? ಯಾವ ಕಲಂನಲ್ಲಿ ಇದು ನಷ್ಟ? ಬೇರೆಯವರಿಗೆ ಹೋಗಿರುವುದು ಇದಕ್ಕಿಂತ ದೊಡ್ಡದಿರಬಹುದು: ಒಬ್ಬರಿಗೆ ಸ್ಪರ್ಧಾತ್ಮಕ ಪರೀಕ್ಷೆ, ಒಬ್ಬರಿಗೆ ಹೆಂಡತಿಯ ಜೊತೆಗಿನ ಮಾತು, ಇನ್ನೊಬ್ಬರಿಗೆ ಹೊಲದ ಕೆಲಸ. ನನಗೆ ಗೊತ್ತಿರುವುದು ಬರವಣಿಗೆಯಾದ್ದರಿಂದ ಅದನ್ನು ಹೇಳಿದ್ದೇನೆ.

ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಗೆಳೆಯನೊಬ್ಬ ನನಗಿಂತ ಚೆನ್ನಾಗಿ ಬರೆಯುತ್ತಿದ್ದ. ಕಾಲೇಜಿನ ಕವಿಗೋಷ್ಠಿಯಲ್ಲಿ ಅವನು ಓದುವಾಗ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು. ಈಗ ಕವಿತೆಯ ಮಾತೆತ್ತಿದರೆ "ಟೈಮ್ ಎಲ್ಲೈತೆ ಗುರು" ಎನ್ನುತ್ತಾನೆ. ನಾನು ಎಷ್ಟು ಹೊತ್ತಿಗೆ ಆಟ ತೆರೆದರೂ ಗೆಳೆಯರ ಪಟ್ಟಿಯಲ್ಲಿ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿರುತ್ತದೆ. ಅವನೂ ಹಣ ಕಳೆದುಕೊಂಡಿಲ್ಲ. ನಮ್ಮ ರಾಜ್ಯದ ಕನ್ನಡ ಪುಸ್ತಕ ಪ್ರಾಧಿಕಾರ 18ರಿಂದ 35 ವರ್ಷದೊಳಗಿನ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ; ಅದು ಹೆಮ್ಮೆಪಡಬೇಕಾದ ಯೋಜನೆ. ಆದರೆ ಹಸ್ತಪ್ರತಿ ಮುಗಿದಿದ್ದರೆ ತಾನೇ ಅರ್ಜಿ ಹಾಕುವುದು? ಅದೇ ವಯಸ್ಸಿನ, ಅದೇ ಯೋಜನೆಗೆ ಅರ್ಹರಾಗಬಹುದಾಗಿದ್ದ ಎಷ್ಟು ಜನರ ಹಸ್ತಪ್ರತಿ ಅರ್ಧಕ್ಕೆ ನಿಂತಿದೆ ಎಂಬುದನ್ನು ಯಾವ ಇಲಾಖೆಯೂ ಎಣಿಸುತ್ತಿಲ್ಲ.

ಮನಸ್ಸು ಗಟ್ಟಿಯಿದ್ದರೆ ಬಿಡಬಹುದಲ್ಲ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಬಿಡಲು ಹೊರಟವನ ಎದುರು ಏನು ನಿಂತಿರುತ್ತದೆ ಎಂಬುದನ್ನು ತಾವು ತಿಳಿಯಬೇಕು. ಫೋನಿನಿಂದ ಆಟವನ್ನು ತೆಗೆದುಹಾಕಿದರೂ ಖಾತೆ ಕಂಪನಿಯ ಸರ್ವರಿನಲ್ಲಿ ಹಾಗೇ ಉಳಿದಿರುತ್ತದೆ. ಅದನ್ನು ಶಾಶ್ವತವಾಗಿ ಅಳಿಸುವ ದಾರಿ ಹುಡುಕಲು ಹಲವು ಪುಟಗಳನ್ನು ದಾಟಬೇಕು. ದಿನವೂ ಹಾಜರಿ ಹಾಕಿದವರಿಗೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಮುರಿಯುತ್ತದೆ. ಸೀಸನ್ ಮುಗಿದ ಕೂಡಲೇ ಶ್ರೇಣಿ ಕೆಳಗಿಳಿಯುತ್ತದೆ, ಮತ್ತೆ ಏರಬೇಕು. "ಇನ್ನು ಎರಡೇ ಗಂಟೆ ಬಾಕಿ" ಎಂಬ ಸೂಚನೆ ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಕಲಕಿದ್ದು ಮತ್ತೊಂದು. ಕೆಲವು ವಾರ ಆಡದೆ ಇದ್ದು ಮರಳಿದವರಿಗೆ ವಿಶೇಷ ಉಡುಗೊರೆ ಸಿಗುತ್ತದೆ: ಹೊಸ ಉಡುಪು, ಹೆಚ್ಚುವರಿ ಅಂಕ, ಮೊದಲ ಕೆಲವು ದಿನ ಸುಲಭವಾದ ಗುರಿಗಳು. ಅಂದರೆ ಯಾರು ಬಿಡಲು ಒದ್ದಾಡುತ್ತಿದ್ದಾನೋ ಅವನನ್ನು ಗುರುತಿಸುವ ವ್ಯವಸ್ಥೆ ಕಂಪನಿಯ ಬಳಿ ಇದೆ. ಅವನನ್ನು ಗುರುತಿಸುವ ವ್ಯವಸ್ಥೆ ತಮ್ಮ ಇಲಾಖೆಯ ಬಳಿ ಇಲ್ಲ. ಮದ್ಯ ಬಿಡಲು ಪ್ರಯತ್ನಿಸುತ್ತಿರುವವನ ಮನೆ ಬಾಗಿಲಿಗೆ ಅಂಗಡಿಯವನೇ ಬಂದು ಬಾಟಲಿ ಇಟ್ಟುಹೋದರೆ ಊರಿನವರು ಸುಮ್ಮನಿರುತ್ತಾರೆಯೇ?

ಇಂಥ ತಂತ್ರಗಳು ತಪ್ಪು ಎಂದು ಸರ್ಕಾರವೇ ಒಂದು ಕಡೆ ಒಪ್ಪಿಕೊಂಡಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಬಳಕೆದಾರರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳ ಪಟ್ಟಿಯಿದೆ. ಇಲ್ಲದ ತುರ್ತನ್ನು ಸೃಷ್ಟಿಸುವುದು, ಒಂದೇ ಸಮನೆ ಪೀಡಿಸುವುದು, ಬೇಡದ ಕೆಲಸವನ್ನು ಒತ್ತಾಯದಿಂದ ಮಾಡಿಸುವುದು ಇವೆಲ್ಲ ಅದರಲ್ಲಿವೆ. ಅದು ಮುಖ್ಯವಾಗಿ ಕೊಳ್ಳುವವರ ಜೇಬನ್ನು ಕಾಯಲು ಬಂದ ನಿಯಮ. ಕೊಳ್ಳದೆ ಬರೀ ಆಡುವವನ ರಾತ್ರಿಗೂ ಅದೇ ರಕ್ಷಣೆ ಬೇಕು. ಹಾಗೆಯೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವುದನ್ನು ತಡೆಯುತ್ತದೆ. ಒಳ್ಳೆಯದೇ. ಆದರೆ ಹದಿನೆಂಟು ತುಂಬಿದ ಮಾರನೆಯ ದಿನದಿಂದ ಮನುಷ್ಯ ತಾನಾಗಿ ಗಟ್ಟಿಯಾಗಿಬಿಡುವುದಿಲ್ಲ. ಈ ವಿಷಯದ ಜಾಗೃತಿ ಕಾರ್ಯಕ್ರಮಗಳೆಲ್ಲ "ಪೋಷಕರೇ, ಎಚ್ಚರ" ಎಂದೇ ಆರಂಭವಾಗುತ್ತವೆ. ಊರು ಬಿಟ್ಟು ಬಂದು, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ, ದುಡಿಯುವ ವಯಸ್ಸಿನವನನ್ನು ಎಚ್ಚರಿಸುವವರು ಯಾರು?

ವ್ಯವಸ್ಥೆಯಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ದೇಶದಲ್ಲೇ ಮೊದಲು ಇದಕ್ಕೆಂದು ಚಿಕಿತ್ಸಾಲಯ ತೆರೆದದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. 2014ರಲ್ಲಿ ಆರಂಭವಾದ ಅಲ್ಲಿನ ಶಟ್ ಕ್ಲಿನಿಕ್ ತಂತ್ರಜ್ಞಾನದ ಚಟಕ್ಕೆ ಸಿಕ್ಕವರನ್ನು ಅಂದಿನಿಂದ ನೋಡಿಕೊಳ್ಳುತ್ತಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ನಾನೇ ಕರೆ ಮಾಡಿದ್ದೇನೆ. ಆ ಕಡೆಯಿದ್ದವರು ಕನ್ನಡದಲ್ಲಿ, ಅವಸರವಿಲ್ಲದೆ ಕೇಳಿಸಿಕೊಂಡರು. ಇದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ತೊಂದರೆ ಎಂದು ನನಗೆ ಮೊದಲು ಹೇಳಿದವರು ಅವರೇ. ಅದಕ್ಕೆ ನಾನು ಋಣಿ. ಆದರೆ ಫೋನಿನ ಚಟಕ್ಕೆ ಫೋನಿನಲ್ಲೇ ಪೂರ್ತಿ ಚಿಕಿತ್ಸೆ ಆಗದು; ಎದುರು ಕೂತು, ವಾರ ವಾರ ವಿಚಾರಿಸುವವರು ಬೇಕು. ತಿಪಟೂರಿನಿಂದ ಬೆಂಗಳೂರಿಗೆ ರೈಲಿದೆ, ನಿಜ. ಆದರೆ ದಿನಗೂಲಿಯ ಲೆಕ್ಕದಲ್ಲಿ ಸಂಬಳ ಪಡೆಯುವವನು ಪ್ರತಿ ಭೇಟಿಗೂ ಒಂದು ದಿನದ ದುಡಿಮೆ ಬಿಟ್ಟು ಹೋಗಬೇಕು. ಬೀದರಿನವನೋ ಚಾಮರಾಜನಗರದವನೋ ಆದರೆ ಒಂದು ದಿನವೂ ಸಾಲದು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ ಬಹಳ ಸರಳವಾದದ್ದು. ನಿದ್ದೆಯಿಲ್ಲ, ಏಕಾಗ್ರತೆಯಿಲ್ಲ, ಓದು ಅಥವಾ ಕೆಲಸ ಕೆಡುತ್ತಿದೆ ಎಂದು ಬರುವ ಪ್ರತಿಯೊಬ್ಬ ಯುವಕ ಯುವತಿಯನ್ನು ಆನ್‌ಲೈನ್ ಆಟದ ಬಗ್ಗೆಯೂ ಕೇಳಬೇಕು, ಎಷ್ಟು ಹಣ ಎಂಬುದರ ಜೊತೆಗೆ ಎಷ್ಟು ಹೊತ್ತು, ಬಿಡಲು ಆಗುತ್ತಿದೆಯೇ ಎಂದು ಕೇಳಬೇಕು ಎಂಬ ಸುತ್ತೋಲೆಯನ್ನು ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೆ ಕಳುಹಿಸಿ. ಲಕ್ಷಣಗಳು ಹೊಂದಿಕೆಯಾದರೆ ಚೀಟಿಯಲ್ಲೂ ದಾಖಲೆಯಲ್ಲೂ ಐಸಿಡಿ-11ರ ಸಂಖ್ಯೆಯನ್ನೇ ನಮೂದಿಸಲಿ. ಹೀಗೆ ಒಂದು ವರ್ಷ ದಾಖಲಿಸಿದರೆ, ಜಿಲ್ಲೆ ಜಿಲ್ಲೆಯ ನಿಜವಾದ ಲೆಕ್ಕ ಮೊದಲ ಬಾರಿಗೆ ತಮ್ಮ ಮೇಜಿನ ಮೇಲೆ ಬರುತ್ತದೆ. ಆ ಲೆಕ್ಕದಲ್ಲಿ ಸಂಖ್ಯೆ ಸಣ್ಣದಿದ್ದರೆ ನನಗಿಂತ ಸಂತೋಷಪಡುವವರು ಇಲ್ಲ.

ಎರಡನೆಯದಾಗಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ, ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳನ್ನೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳನ್ನೂ ಈ ಕೆಲಸಕ್ಕೆ ಬಳಸಿಕೊಳ್ಳಿ. ಹೊಸ ಕಟ್ಟಡ ಬೇಡ, ಹೊಸ ಹೆಸರಿನ ಯೋಜನೆಯೂ ಬೇಡ. ನಿಮ್ಹಾನ್ಸ್‌ನ ಪರಿಣತರಿಂದ ಆ ತಂಡಗಳ ಆಪ್ತ ಸಮಾಲೋಚಕರಿಗೆ ತರಬೇತಿ ಕೊಡಿಸಿ, ಕನ್ನಡದಲ್ಲಿ ಒಂದು ಕೈಪಿಡಿ ಮಾಡಿಸಿ, ದುಡಿಯುವವರಿಗೆ ಅನುಕೂಲವಾಗುವಂತೆ ತಿಂಗಳಿಗೆ ಕೆಲವು ದಿನವಾದರೂ ಸಂಜೆಯ ಹೊತ್ತು ಸಮಾಲೋಚನೆ ಇಡಿಸಿ. ಆ ಕೈಪಿಡಿಯ ಭಾಷೆ ಆಡುವವರಿಗೆ ಅರ್ಥವಾಗುವಂತಿರಲಿ. ಆಡುವವನನ್ನು ಬೈಯುವ, ಅವನನ್ನು ಕಳ್ಳನಂತೆ ಕಾಣುವ ಸಾಹಿತ್ಯ ಈಗಾಗಲೇ ಸಾಕಷ್ಟಿದೆ. ಅದನ್ನು ಓದಿ ಯಾರೂ ಆಸ್ಪತ್ರೆಗೆ ಬರುವುದಿಲ್ಲ.

ಮೂರನೆಯ ಕೋರಿಕೆ ತಮ್ಮ ಇಲಾಖೆಯ ವ್ಯಾಪ್ತಿಯನ್ನು ಮೀರಿದ್ದು. ಸಾಮಾಜಿಕ ಆಟಗಳಿಗೆ ಮಾನ್ಯತೆ ಕೊಡುವ, ಅವುಗಳನ್ನು ವರ್ಗೀಕರಿಸುವ ಅಧಿಕಾರ ಕೇಂದ್ರದ ಕಾಯ್ದೆಯಲ್ಲೇ ಇದೆ. ಅಂಥ ಮಾನ್ಯತೆಗೆ ಆರೋಗ್ಯದ ಷರತ್ತುಗಳನ್ನು ಸೇರಿಸಬೇಕೆಂದು ರಾಜ್ಯ ಸರ್ಕಾರದ ಪರವಾಗಿ ತಾವು ಅಧಿಕೃತವಾಗಿ ಪತ್ರ ಬರೆಯಬೇಕು. ರಾತ್ರಿ ಹೊತ್ತಿನ ಸೂಚನೆಗಳು, ಬಳಕೆದಾರ ತಾನಾಗಿ ಕೇಳದ ಹೊರತು, ಬರಬಾರದು. ಒಂದೇ ಗುಂಡಿ ಒತ್ತಿದರೆ ಖಾತೆ ಶಾಶ್ವತವಾಗಿ ಅಳಿಯಬೇಕು. ನನ್ನನ್ನು ಮತ್ತೆ ಕರೆಯಬೇಡಿ ಎಂದು ಒಮ್ಮೆ ಹೇಳಿದವನಿಗೆ ಮರಳಿ ಬರುವ ಉಡುಗೊರೆಯ ಆಸೆ ತೋರಿಸುವುದನ್ನು ಅಪರಾಧವೆಂದೇ ಪರಿಗಣಿಸಬೇಕು. ಇ-ಸ್ಪೋರ್ಟ್ಸ್ ಆಡಿ ಹೆಸರು ಮಾಡುವವರ ದಾರಿಗೆ ಇದರಿಂದ ಯಾವ ಅಡ್ಡಿಯೂ ಆಗುವುದಿಲ್ಲ.

ಇನ್ನೊಂದು ಮಾತನ್ನು ಗ್ರಾಮೀಣಾಭಿವೃದ್ಧಿ ಸಚಿವರ ಕಿವಿಗೂ ತಾವು ಹಾಕಬೇಕೆಂದು ಕೋರುತ್ತೇನೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಬದಲಾಗಿರುವುದು ಒಳ್ಳೆಯ ಕೆಲಸ. ಆದರೆ ನಾನು ಊರಿಗೆ ಹೋದಾಗಲೆಲ್ಲ, ಕೆಲಸ ಮುಗಿಸಿದ ಜನ ಬಿಡುವಾಗುವ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಚಟ ಬಲವಾಗುವುದು ಸಂಜೆ ಏಳರಿಂದ ಹತ್ತರ ನಡುವೆ. ಆ ಹೊತ್ತಿನಲ್ಲಿ ದೀಪ ಉರಿಯುವ, ಫೋನನ್ನು ಬಾಗಿಲಲ್ಲೇ ಇಟ್ಟು ಒಳಗೆ ಕೂತು ಓದಬಹುದಾದ, ಬರೆಯಬಹುದಾದ ಒಂದು ಮೇಜು ಪಂಚಾಯಿತಿಗೊಂದು ಇದ್ದರೂ ಅದು ಚಿಕಿತ್ಸೆಯ ಭಾಗವೇ ಆಗುತ್ತದೆ.

ಮೊದಲ ಎರಡು ಕೋರಿಕೆಗಳಿಗೆ ಹೊಸ ಕಾನೂನಾಗಲಿ, ನ್ಯಾಯಾಲಯದ ತೀರ್ಪಾಗಲಿ, ದೊಡ್ಡ ಅನುದಾನವಾಗಲಿ ಬೇಕಿಲ್ಲ. ತಮ್ಮ ಸಹಿಯಿರುವ ಒಂದು ಆದೇಶ ಸಾಕು. ಆ ಎರಡರ ಬಗ್ಗೆ ಇಲಾಖೆಯ ನಿಲುವೇನು ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಗೌರವಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ನನ್ನ ಹೆಸರು, ವಿಳಾಸ ಮತ್ತು ಆಸ್ಪತ್ರೆಯ ಚೀಟಿಯ ನಕಲು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿರುವ ಪ್ರತಿಯಲ್ಲಿವೆ. ಮಂಡಿಯ ಕೆಲಸಕ್ಕೆ ತೊಂದರೆಯಾದೀತೆಂಬ ಕಾರಣಕ್ಕೆ ಇಲ್ಲಿ ಹೆಸರು ಹಾಕಿಲ್ಲ. ತಮ್ಮ ಅಧಿಕಾರಿಗಳು ಕರೆದರೆ ಬಂದು, ನಾನು ಕಂಡದ್ದನ್ನು ಎದುರು ಕೂತು ಹೇಳಲು ಸಿದ್ಧನಿದ್ದೇನೆ. ನನ್ನಂತೆಯೇ ಹೇಳಲು ಸಿದ್ಧರಿರುವ ಇನ್ನೂ ಕೆಲವರನ್ನು ಕರೆತರಬಲ್ಲೆ.

ವಂದನೆಗಳೊಂದಿಗೆ,

ಇತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಯುವ ಬರಹಗಾರ